ಸ್ವಯಂಚಾಲಿತ ವಿಂಗಡಣಾ ಯಂತ್ರಗಳ ಪರೀಕ್ಷೆ

ಸ್ವಯಂಚಾಲಿತ ವಿಂಗಡಣಾ ಯಂತ್ರಗಳ ಪರೀಕ್ಷೆ ಎಂದರೆ ಮರುಬಳಕೆಗೆ ಬಂದ ಪ್ಲಾಸ್ಟಿಕ್, ಲೋಹ, ಕಾಗದ, ಗಾಜು ಮೊದಲಾದ ವಸ್ತುಗಳನ್ನು ಸಂವೇದಕಗಳ ನೆರವಿನಿಂದ ಬೇರ್ಪಡಿಸುವ ಯಂತ್ರವು ಎಷ್ಟು ವಸ್ತುವನ್ನು, ಎಷ್ಟು ಶುದ್ಧವಾಗಿ, ಎಷ್ಟು ವೇಗದಲ್ಲಿ ಬೇರ್ಪಡಿಸುತ್ತದೆ ಎಂಬುದನ್ನು ಅಳೆದು ನಿರ್ಧರಿಸುವ ಕ್ರಮ. ಯಂತ್ರವನ್ನು ಕೊಳ್ಳುವ ಮುನ್ನ ತಯಾರಕರ ಕಾರ್ಖಾನೆಯಲ್ಲಿ, ಅಳವಡಿಸಿದ ಮೇಲೆ ಘಟಕದಲ್ಲಿ, ಅನಂತರ ನಿಯತಕಾಲಿಕವಾಗಿ ಈ ಪರೀಕ್ಷೆಗಳು ನಡೆಯುತ್ತವೆ. ವಿಂಗಡಿಸಿದ ಸರಕಿನ ಬೆಲೆ, ಅದನ್ನು ಕರಗಿಸುವವರ ಯಂತ್ರಗಳ ಬಾಳಿಕೆ ಮತ್ತು ಹೊಸ ವಸ್ತುವಿನ ಸುರಕ್ಷತೆ ಮೂರೂ ಈ ಅಳತೆಯನ್ನು ಅವಲಂಬಿಸಿವೆ.

ಹಿನ್ನೆಲೆ

ಬೆಳಕಿನಿಂದ ವಸ್ತುಗಳನ್ನು ಗುರುತಿಸಿ ಬೇರ್ಪಡಿಸುವ ಯಂತ್ರಗಳು ಮೊದಲು ಬಂದದ್ದು ಆಹಾರಧಾನ್ಯಗಳ ಉದ್ಯಮದಲ್ಲಿ. ಅಮೆರಿಕದಲ್ಲಿ 1930ರ ದಶಕದಲ್ಲಿಯೇ ಬಣ್ಣಗೆಟ್ಟ ಕಾಳುಗಳನ್ನು ಹೊರತೆಗೆಯುವ ವಿದ್ಯುತ್ ಯಂತ್ರಗಳಿದ್ದವು; ಬ್ರಿಟನ್ನಿನ ಸಾರ್ಟೆಕ್ಸ್ ಸಂಸ್ಥೆ 1947ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಇದರ ಪರಿಚಯ ಕಾಫಿ ಸಂಸ್ಕರಣೆಯ ಮೂಲಕ ಆದದ್ದು ಹೆಚ್ಚು. ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಸಾಲಾಗಿ ಕುಳಿತ ಮಹಿಳೆಯರು ಕಪ್ಪು ಬೀಜ, ಒಡಕು ಬೀಜಗಳನ್ನು ಕೈಯಿಂದ ಆರಿಸುತ್ತಿದ್ದ ಕೆಲಸವನ್ನು ಬಣ್ಣ ವಿಂಗಡಣಾ ಯಂತ್ರಗಳು ಬಹುಮಟ್ಟಿಗೆ ವಹಿಸಿಕೊಂಡವು.

ತ್ಯಾಜ್ಯ ವಿಂಗಡಣೆಗೆ ಇದೇ ತತ್ತ್ವ ಅನ್ವಯವಾದದ್ದು 1990ರ ದಶಕದಲ್ಲಿ, ಯುರೋಪಿನಲ್ಲಿ. ನಾರ್ವೆಯ ಟೈಟೆಕ್ ಸಂಸ್ಥೆ ಸಮೀಪ ಅವಕೆಂಪು ಕಿರಣಗಳ ಯಂತ್ರಗಳನ್ನು ಮಾರುಕಟ್ಟೆಗೆ ತಂದಿತು. 1972ರಲ್ಲಿ ಖಾಲಿ ಬಾಟಲಿ ಹಿಂಪಡೆಯುವ ಯಂತ್ರಗಳಿಂದ ಆರಂಭವಾಗಿದ್ದ ಅದೇ ದೇಶದ ಟೋಮ್ರಾ ಸಂಸ್ಥೆ 2004ರಲ್ಲಿ ಟೈಟೆಕ್ ಅನ್ನು ಕೊಂಡುಕೊಂಡಿತು. ಮುಂದಿನ ಹಂತದಲ್ಲಿ ಯಂತ್ರತೋಳುಗಳು ಬಂದವು: ಫಿನ್‌ಲೆಂಡಿನ ಝೆನ್‌ರೊಬೊಟಿಕ್ಸ್ 2007ರಲ್ಲಿ, ಅಮೆರಿಕದ ಎಎಂಪಿ ರೊಬೊಟಿಕ್ಸ್ 2014ರಲ್ಲಿ ಸ್ಥಾಪನೆಗೊಂಡವು. ಭಾರತದಲ್ಲಿ ಅಹಮದಾಬಾದಿನ ಇಶಿತ್ವ ಸಂಸ್ಥೆ ಇಂಥ ಯಂತ್ರಗಳನ್ನು ತಯಾರಿಸುತ್ತದೆ.

ಬೆಂಗಳೂರಿನ ಸಂದರ್ಭ

ಬೆಂಗಳೂರಿನ ಪೂರ್ವ ಭಾಗದ ಗರುಡಾಚಾರ್‌ಪಾಳ್ಯ ವೈಟ್‌ಫೀಲ್ಡ್ ರಸ್ತೆಗೆ ಹೊಂದಿಕೊಂಡ ಬಡಾವಣೆ. ಮಹದೇವಪುರ, ಹೂಡಿ, ದೊಡ್ಡನೆಕ್ಕುಂದಿಗಳ ಕೈಗಾರಿಕಾ ಪ್ರದೇಶಗಳು ಇದರ ಸುತ್ತಲಿವೆ. ಸಮೀಪದ ದೂರವಾಣಿನಗರದಲ್ಲಿ 1948ರಲ್ಲಿ ಸ್ಥಾಪನೆಯಾದ ಐಟಿಐ ಕಾರ್ಖಾನೆ ಇದೆ. 2007ರಲ್ಲಿ ಮಹದೇವಪುರ ನಗರಸಭೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2023ರ ಮಾರ್ಚ್‌ನಲ್ಲಿ ನಮ್ಮ ಮೆಟ್ರೋ ನೇರಳೆ ಮಾರ್ಗದ ವೈಟ್‌ಫೀಲ್ಡ್–ಕೃಷ್ಣರಾಜಪುರ ಭಾಗ ತೆರೆದಾಗ ಗರುಡಾಚಾರ್‌ಪಾಳ್ಯಕ್ಕೂ ನಿಲ್ದಾಣ ದೊರೆಯಿತು. ಇಂಥ ಪ್ರದೇಶದಲ್ಲಿ ಎರಡು ಬಗೆಯ ತ್ಯಾಜ್ಯ ಅಕ್ಕಪಕ್ಕದಲ್ಲೇ ಹುಟ್ಟುತ್ತದೆ. ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಅಲ್ಯೂಮಿನಿಯಂ ಹಾಗೂ ಹಿತ್ತಾಳೆಯ ಸಿಪ್ಪೆ, ತಗಡಿನ ಕತ್ತರಿಕೆಗಳು, ಪ್ಲಾಸ್ಟಿಕ್ ಅಚ್ಚುಗಳಿಂದ ಉಳಿದ ತುಂಡುಗಳು ಒಂದು ಬಗೆ. ಕಚೇರಿ, ಮಳಿಗೆ, ಮನೆಗಳಿಂದ ಬರುವ ಬಾಟಲಿ, ಹೊದಿಕೆ, ರಟ್ಟು ಇನ್ನೊಂದು ಬಗೆ. ಮೊದಲನೆಯದು ಹುಟ್ಟುವಾಗ ಶುದ್ಧವಾಗಿಯೇ ಇರುತ್ತದೆ; ಒಂದೇ ಡ್ರಮ್ಮಿನಲ್ಲಿ ಎರಡು ಲೋಹಗಳ ಸಿಪ್ಪೆ ಸುರಿದ ಕ್ಷಣದಿಂದ ಅದರ ಬೆಲೆ ಕುಸಿಯುತ್ತದೆ.

2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿದ ಮೇಲೆ ನಗರದಲ್ಲಿ ಉಂಟಾದ ಬಿಕ್ಕಟ್ಟು ಮೂಲದಲ್ಲೇ ವಿಂಗಡಿಸುವ ವ್ಯವಸ್ಥೆಗೆ ದಾರಿ ಮಾಡಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಆರಂಭವಾದವು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಈ ಕೇಂದ್ರಗಳಲ್ಲಿ ಹಲವನ್ನು ಚಿಂದಿ ಆಯುತ್ತಿದ್ದವರೇ ಹಸಿರು ದಳದಂಥ ಸಂಸ್ಥೆಗಳ ಬೆಂಬಲದಿಂದ ನಡೆಸುತ್ತಾರೆ. ನಗರದ ಪಶ್ಚಿಮದ ನಾಯಂಡಹಳ್ಳಿ ಪ್ಲಾಸ್ಟಿಕ್ ಗುಜರಿಯ ದೊಡ್ಡ ನೆಲೆ. ಅಲ್ಲಿ ವಸ್ತುವನ್ನು ಬಾಗಿಸಿ, ಸದ್ದು ಕೇಳಿ, ನೀರಿನಲ್ಲಿ ತೇಲಿಸಿ, ಸಂಶಯ ಬಂದರೆ ತುದಿ ಸುಟ್ಟು ವಾಸನೆ ನೋಡಿ ಜಾತಿ ಹೇಳುವವರಿದ್ದಾರೆ. ಯಂತ್ರದ ಪರೀಕ್ಷೆಯಲ್ಲಿ ಹೋಲಿಕೆಯ ಅಳತೆಗೋಲಾಗುವುದು ಇದೇ ಜ್ಞಾನ.

ಯಂತ್ರದ ಕಾರ್ಯವಿಧಾನ

ಸಾಮಾನ್ಯ ದೃಗ್ವಿಂಗಡಣಾ ಯಂತ್ರದಲ್ಲಿ ವಸ್ತುಗಳು ಒಂದರ ಮೇಲೊಂದು ಬೀಳದಂತೆ ಒಂದೇ ಪದರವಾಗಿ ಪಟ್ಟಿಯ ಮೇಲೆ ಸಾಗುತ್ತವೆ. ಪಟ್ಟಿಯ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಮೇಲಿರುವ ಹ್ಯಾಲೊಜನ್ ದೀಪಗಳ ಬೆಳಕು ವಸ್ತುವಿನಿಂದ ಪ್ರತಿಫಲಿಸಿ ಸಂವೇದಕವನ್ನು ಸೇರುತ್ತದೆ. ಸುಮಾರು 1000ದಿಂದ 1700 ನ್ಯಾನೊಮೀಟರ್ ತರಂಗಾಂತರದ ವ್ಯಾಪ್ತಿಯಲ್ಲಿ ಪ್ರತಿಯೊಂದು ಪಾಲಿಮರ್ ತನ್ನದೇ ಆದ ರೋಹಿತವನ್ನು ತೋರುತ್ತದೆ. ಗಣಕವು ಅದನ್ನು ಗುರುತಿಸಿ, ವಸ್ತು ಪಟ್ಟಿಯ ತುದಿಯಿಂದ ಜಿಗಿಯುವ ಹೊತ್ತಿಗೆ ಸರಿಯಾಗಿ ಅದರ ಕೆಳಗಿನ ಗಾಳಿ ಕೊಳವೆಯನ್ನು ತೆರೆಯುತ್ತದೆ. ಹೊಡೆತ ತಿಂದ ವಸ್ತು ಒಂದು ತೊಟ್ಟಿಗೆ, ಉಳಿದದ್ದು ಇನ್ನೊಂದಕ್ಕೆ ಬೀಳುತ್ತದೆ.

ಯಂತ್ರದ ತಪ್ಪುಗಳೆಲ್ಲ ಗುರುತಿಸುವುದರಲ್ಲೇ ಆಗುತ್ತವೆ ಎಂದು ಭಾವಿಸುವುದು ಸರಿಯಲ್ಲ. ಸಂವೇದಕದಿಂದ ಗಾಳಿ ಕೊಳವೆಗೆ 60 ಸೆಂಟಿಮೀಟರ್ ಅಂತರವಿದ್ದರೆ 3 ಮೀಟರ್ ವೇಗದಲ್ಲಿ ವಸ್ತು ಅಲ್ಲಿಗೆ ಬರಲು 200 ಮಿಲಿಸೆಕೆಂಡು ಬೇಕು. ಹಗುರವಾದ ಬಾಟಲಿ ಪಟ್ಟಿಯ ಮೇಲೆ ಶೇ. 5ರಷ್ಟು ಜಾರಿದರೂ ಗಾಳಿಯ ಹೊಡೆತ 3 ಸೆಂಟಿಮೀಟರ್ ಆಚೆ ಬೀಳುತ್ತದೆ. ಗುರುತು ಸರಿಯಾಗಿದ್ದರೂ ವಸ್ತು ತಪ್ಪು ತೊಟ್ಟಿ ಸೇರುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಗುರುತಿಸುವಿಕೆ ಮತ್ತು ಹೊರತಳ್ಳುವಿಕೆಯನ್ನು ಬೇರೆಬೇರೆಯಾಗಿ ಅಳೆಯುತ್ತಾರೆ.

ಶುದ್ಧತೆ ಮತ್ತು ವಸೂಲಿ

ಎರಡು ಅಳತೆಗಳು ಪರೀಕ್ಷೆಯ ತಿರುಳು. ಹೊರತೆಗೆದ ರಾಶಿಯಲ್ಲಿ ಬೇಕಾದ ವಸ್ತುವಿನ ಪಾಲು ಶುದ್ಧತೆ. ಒಳಗೆ ಬಂದ ಬೇಕಾದ ವಸ್ತುವಿನಲ್ಲಿ ಹೊರತೆಗೆಯಲಾದ ಪಾಲು ವಸೂಲಿ. ಇವೆರಡೂ ತೂಕದ ಲೆಕ್ಕದಲ್ಲಿರುತ್ತವೆ.

ಉದಾಹರಣೆಗೆ, 1000 ಕೆ.ಜಿ. ಮಿಶ್ರಣದಲ್ಲಿ 300 ಕೆ.ಜಿ. ಪೆಟ್ ಬಾಟಲಿಗಳಿವೆ ಎನ್ನೋಣ. ಯಂತ್ರವು 290 ಕೆ.ಜಿ. ಹೊರತೆಗೆದು, ಅದರಲ್ಲಿ 270 ಕೆ.ಜಿ. ಪೆಟ್ ಇದ್ದರೆ ವಸೂಲಿ ಶೇ. 90, ಶುದ್ಧತೆ ಸುಮಾರು ಶೇ. 93. ಉಳಿದ 700 ಕೆ.ಜಿ.ಯಲ್ಲಿ 20 ಕೆ.ಜಿ., ಅಂದರೆ ಸುಮಾರು ಶೇ. 2.9ರಷ್ಟು, ತಪ್ಪಾಗಿ ಹೊರಬಂದಿದೆ. ಈಗ ಅದೇ ಯಂತ್ರಕ್ಕೆ, ಅದೇ ತಪ್ಪಿನ ಪ್ರಮಾಣದಲ್ಲಿ, ಕೇವಲ 100 ಕೆ.ಜಿ. ಪೆಟ್ ಇರುವ 1000 ಕೆ.ಜಿ. ಮಿಶ್ರಣವನ್ನು ಹಾಕಿದರೆ 90 ಕೆ.ಜಿ. ಪೆಟ್ ಜೊತೆಗೆ ಸುಮಾರು 26 ಕೆ.ಜಿ. ಬೇಡದ ವಸ್ತು ಬರುತ್ತದೆ. ಶುದ್ಧತೆ ಶೇ. 78ಕ್ಕೆ ಇಳಿಯುತ್ತದೆ. ಯಂತ್ರ ಕೆಟ್ಟಿಲ್ಲ, ಅದಕ್ಕೆ ಹಾಕಿದ ಸರಕು ಬದಲಾಗಿದೆ. ಒಳಹರಿವಿನ ಮಿಶ್ರಣವನ್ನು ಹೇಳದೆ ಶುದ್ಧತೆಯನ್ನು ಮಾತ್ರ ಜಾಹೀರು ಮಾಡುವ ಅಂಕಿಗಳಿಗೆ ಬೆಲೆ ಇಲ್ಲವೆಂದು ಹೇಳುವುದು ಇದಕ್ಕೇ. ಕೊಳ್ಳುವವರು ಮತ್ತು ಮಾರುವವರ ನಡುವಿನ ವ್ಯಾಜ್ಯಗಳಿಗೂ ಇದು ಸುಲಭವಾಗಿ ಕಾರಣವಾಗುತ್ತದೆ.

ಸರಕನ್ನು ಎರಡನೆಯ ಬಾರಿ ಹಾಯಿಸಿದರೆ ಶುದ್ಧತೆ ಏರುತ್ತದೆ, ವಸೂಲಿ ಇಳಿಯುತ್ತದೆ. ಮೇಲಿನ ಮೊದಲ ಉದಾಹರಣೆಯಲ್ಲಿ ಲೆಕ್ಕದ ಪ್ರಕಾರ 243 ಕೆ.ಜಿ. ಪೆಟ್ ಉಳಿದು, ಬೇಡದ್ದು ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚಿರಬೇಕು. ವಾಸ್ತವದಲ್ಲಿ ಅಷ್ಟು ಶುದ್ಧವಾಗುವುದಿಲ್ಲ. ಮೊದಲ ಸಲ ಯಂತ್ರವನ್ನು ವಂಚಿಸಿದ ವಸ್ತು ಎರಡನೆಯ ಸಲವೂ ವಂಚಿಸುವ ಸಂಭವ ಹೆಚ್ಚು. ಪೆಟ್ ಹೊದಿಕೆ ಸುತ್ತಿದ ಬೇರೆ ಪ್ಲಾಸ್ಟಿಕ್ಕಿನ ಡಬ್ಬಿ ಎಷ್ಟು ಸಲ ಹಾದರೂ ಪೆಟ್‌ನಂತೆಯೇ ಕಾಣುತ್ತದೆ.

ಮೂರನೆಯ ಅಳತೆ ಗಂಟೆಯ ಸಾಮರ್ಥ್ಯ. ಪಟ್ಟಿಯ ಮೇಲೆ ವಸ್ತು ದಟ್ಟವಾದಂತೆ ಒಂದರ ಮೇಲೊಂದು ಬೀಳುವುದು ಹೆಚ್ಚಿ, ಒಂದನ್ನು ಹೊಡೆದಾಗ ಪಕ್ಕದ್ದೂ ಹಾರುತ್ತದೆ. ಹಾಗಾಗಿ ಪರೀಕ್ಷೆಯನ್ನು ಒಂದೇ ಹರಿವಿನಲ್ಲಿ ನಿಲ್ಲಿಸದೆ ಹಲವು ಹರಿವುಗಳಲ್ಲಿ ನಡೆಸಿ, ಶುದ್ಧತೆ ಎಲ್ಲಿ ಕುಸಿಯಲು ಆರಂಭಿಸುತ್ತದೆ ಎಂಬುದನ್ನು ರೇಖಾಚಿತ್ರದಲ್ಲಿ ಗುರುತಿಸುವುದು ಉತ್ತಮ ಪದ್ಧತಿ. ಪ್ರತಿ ಟನ್ನಿಗೆ ತಗಲುವ ವಿದ್ಯುತ್ತನ್ನೂ ದಾಖಲಿಸುತ್ತಾರೆ. ಅದರ ದೊಡ್ಡ ಪಾಲನ್ನು ಸಾಮಾನ್ಯವಾಗಿ ಗಾಳಿಯನ್ನು ಒತ್ತಿಡುವ ಕಂಪ್ರೆಸರ್ ಬಳಸುತ್ತದೆ.

ಮಾದರಿ ತೆಗೆಯುವುದು

ಟನ್ನುಗಟ್ಟಲೆ ಸರಕನ್ನು ಪೂರ್ತಿ ಕೈಯಿಂದ ಪರಿಶೀಲಿಸಲು ಆಗದು. ಮಾದರಿ ತೆಗೆಯಲೇಬೇಕು, ಮತ್ತು ಹೆಚ್ಚಿನ ಪರೀಕ್ಷೆಗಳು ದಾರಿತಪ್ಪುವುದು ಇಲ್ಲಿಯೇ. ಫ್ರೆಂಚ್ ರಸಾಯನಶಾಸ್ತ್ರಜ್ಞ ಪಿಯೆರ್ ಗಿ ರೂಪಿಸಿದ ಮಾದರಿ ಸಿದ್ಧಾಂತದ ಪ್ರಕಾರ, ನಿಖರತೆ ಒಂದೇ ಮಟ್ಟದಲ್ಲಿರಬೇಕಾದರೆ ಬೇಕಾಗುವ ಮಾದರಿಯ ತೂಕವು ತುಂಡಿನ ಗಾತ್ರದ ಘನಕ್ಕೆ ಅನುಗುಣವಾಗಿ ಏರುತ್ತದೆ. ತುಂಡು ಎರಡು ಪಟ್ಟು ದೊಡ್ಡದಾದರೆ ಮಾದರಿ ಎಂಟು ಪಟ್ಟು ದೊಡ್ಡದಾಗಬೇಕು. ರಾಶಿಯ ಮೇಲ್ಭಾಗದಿಂದ ಬೊಗಸೆ ತುಂಬಿಕೊಳ್ಳುವುದು ಮಾದರಿಯಲ್ಲ, ಏಕೆಂದರೆ ಸಣ್ಣ, ಭಾರವಾದ ಚೂರುಗಳು ತಳಕ್ಕೆ ಇಳಿದಿರುತ್ತವೆ. ಪಟ್ಟಿಯಿಂದ ಬೀಳುವ ಧಾರೆಯನ್ನೇ ಸಮಾನ ಅಂತರದ ಹೊತ್ತುಗಳಲ್ಲಿ ಪೂರ್ತಿ ಅಡ್ಡಲಾಗಿ ಹಿಡಿಯಬೇಕು, ಅಥವಾ ರಾಶಿಯನ್ನು ಶಂಕುವಿನಂತೆ ಗುಡ್ಡೆ ಹಾಕಿ ನಾಲ್ಕು ಭಾಗ ಮಾಡಿ ಎದುರುಬದುರು ಭಾಗಗಳನ್ನು ಉಳಿಸಿಕೊಳ್ಳುತ್ತ ಕಿರಿದು ಮಾಡಬೇಕು.

ವಿರಳ ಕಲ್ಮಶಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಪ್ರತಿ ಚೂರು ಸುಮಾರು 20 ಮಿಲಿಗ್ರಾಂ ಇರುವ ಪ್ಲಾಸ್ಟಿಕ್ ಚೂರುಗಳಲ್ಲಿ 1 ಕೆ.ಜಿ.ಗೆ 50,000 ಚೂರುಗಳಿರುತ್ತವೆ. ಕಲ್ಮಶ ದಶಲಕ್ಷಕ್ಕೆ 100 ಇದ್ದರೆ ಆ ಕಿಲೋದಲ್ಲಿ ಸರಾಸರಿ 5 ಚೂರು ಸಿಗಬೇಕು. ಆದರೆ ಆಕಸ್ಮಿಕದಿಂದಲೇ ಒಮ್ಮೆ 2, ಇನ್ನೊಮ್ಮೆ 8 ಸಿಗಬಹುದು. ಕಲ್ಮಶ ದಶಲಕ್ಷಕ್ಕೆ 10 ಇದ್ದರೆ 1 ಕೆ.ಜಿ. ಮಾದರಿಯಲ್ಲಿ ಒಂದೂ ಸಿಗದಿರುವ ಸಂಭವ ಸುಮಾರು ಶೇ. 61. ಒಂದೂ ಸಿಗದಿದ್ದಾಗ ಶೇ. 95ರ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಕಲ್ಮಶ ದಶಲಕ್ಷಕ್ಕೆ ಸುಮಾರು 60ಕ್ಕಿಂತ ಕಡಿಮೆ ಇದೆ. ಸೊನ್ನೆ ಎಂದು ಬರೆದುಕೊಡುವ ಪ್ರಮಾಣಪತ್ರದೊಂದಿಗೆ ಮಾದರಿಯ ತೂಕವೂ ಇರಬೇಕಾದದ್ದು ಇದರಿಂದಾಗಿ.

ಇಷ್ಟು ಸಣ್ಣ ಕಲ್ಮಶಕ್ಕೆ ಮಹತ್ವವಿರುವುದಕ್ಕೆ ಪೆಟ್ ಮತ್ತು ಪಿವಿಸಿ ಒಳ್ಳೆಯ ನಿದರ್ಶನ. ಎರಡರ ಸಾಂದ್ರತೆಯೂ ಹತ್ತಿರಹತ್ತಿರ 1.3ರಿಂದ 1.4 ಇರುವುದರಿಂದ ಎರಡೂ ನೀರಿನಲ್ಲಿ ಮುಳುಗುತ್ತವೆ; ತೇಲಿಸಿ ಬೇರ್ಪಡಿಸಲು ಬರುವುದಿಲ್ಲ. ಪೆಟ್ ಕರಗಿಸಲು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾವು ಬೇಕು. ಆ ಕಾವಿನಲ್ಲಿ ಪಿವಿಸಿ ಒಡೆದು ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುತ್ತದೆ. ಆಮ್ಲವು ಪೆಟ್‌ನ ಅಣುಸರಪಳಿಗಳನ್ನು ತುಂಡರಿಸಿ, ವಸ್ತುವನ್ನು ಹಳದಿಗಟ್ಟಿಸಿ, ಕಪ್ಪು ಚುಕ್ಕೆಗಳನ್ನು ಉಳಿಸಿ, ಯಂತ್ರದ ಲೋಹವನ್ನೂ ಕೊರೆಯುತ್ತದೆ. ಬೇರ್ಪಡಿಸುವ ಹೊಣೆ ಪೂರ್ತಿಯಾಗಿ ಸಂವೇದಕದ ಮೇಲೆ ಬೀಳುತ್ತದೆ.

ಪರೀಕ್ಷೆಯ ಹಂತಗಳು

ಮೊದಲು ದೀಪಗಳು ಕಾವೇರಿ ಸ್ಥಿರವಾಗುವವರೆಗೆ ಕಾದು, ಸಂವೇದಕವನ್ನು ಪ್ರಮಾಣಿತ ಬಿಳಿ ಹಲಗೆಯ ಎದುರು ಹೊಂದಿಸುತ್ತಾರೆ. ಅನಂತರ ಮೊದಲೇ ಗುರುತು ಹಾಕಿ ಎಣಿಸಿದ ತುಂಡುಗಳನ್ನು ನಿಂತ ಪಟ್ಟಿಯ ಮೇಲಿಟ್ಟು ಗುರುತಿಸುವಿಕೆಯನ್ನು, ಆಮೇಲೆ ಚಲಿಸುವ ಪಟ್ಟಿಯ ಮೇಲೆ ಹಾಯಿಸಿ ಹೊರತಳ್ಳುವಿಕೆಯನ್ನು ನೋಡುತ್ತಾರೆ. ಕೊನೆಗೆ ನಿಜವಾದ ಸರಕಿನಿಂದ ದೀರ್ಘ ಓಟ ನಡೆಯುತ್ತದೆ. ಒಳಬಂದ ತೂಕ ಮತ್ತು ಎಲ್ಲ ತೊಟ್ಟಿಗಳ ತೂಕದ ಮೊತ್ತ ತಾಳೆಯಾಗಬೇಕು. ಆಗದಿದ್ದರೆ ನೆಲಕ್ಕೆ ಚೆಲ್ಲಿದ್ದು, ಧೂಳಾಗಿ ಹೋದದ್ದು, ಆರಿದ ತೇವ ಇವುಗಳ ಲೆಕ್ಕ ಕೊಡಬೇಕು.

ತಯಾರಕರ ಕಾರ್ಖಾನೆಯಲ್ಲಿ ಗೆದ್ದ ಯಂತ್ರ ಘಟಕದಲ್ಲಿ ಸೋಲುವುದು ಅಪರೂಪವಲ್ಲ. ಅಲ್ಲಿ ತೊಳೆದ ಬಾಟಲಿಗಳಿರುತ್ತವೆ, ಇಲ್ಲಿ ಜಜ್ಜಿದ, ಮಣ್ಣು ಮೆತ್ತಿದ, ಅರ್ಧ ನೀರು ಉಳಿದ ಬಾಟಲಿಗಳು. ನೀರು 1450 ನ್ಯಾನೊಮೀಟರ್ ಸುತ್ತ ಅವಕೆಂಪು ಕಿರಣವನ್ನು ಬಲವಾಗಿ ಹೀರುವುದರಿಂದ ಮಳೆಗಾಲದ ಸರಕಿನಲ್ಲಿ ರೋಹಿತವೇ ಬದಲಾಗುತ್ತದೆ. ಆದಕಾರಣ ಬೆಂಗಳೂರಿನಂಥ ಊರಿನಲ್ಲಿ ಸ್ವೀಕೃತಿ ಪರೀಕ್ಷೆಯನ್ನು ಬೇಸಿಗೆಯ ಒಣ ಸರಕಿನಿಂದ ಮಾತ್ರ ಮುಗಿಸುವುದು ಅರ್ಧ ಪರೀಕ್ಷೆ. ಗಾಳಿಯ ಒತ್ತಡ ಮತ್ತು ವಿದ್ಯುತ್ತಿನ ಏರಿಳಿತದ ದಾಖಲೆಯೂ ವರದಿಯಲ್ಲಿರಬೇಕು.

ಕಪ್ಪು ಪ್ಲಾಸ್ಟಿಕ್ ಇನ್ನೊಂದು ತೊಡಕು. ಬಣ್ಣಕ್ಕಾಗಿ ಸೇರಿಸಿದ ಇಂಗಾಲದ ಮಸಿ ಬೆಳಕನ್ನೆಲ್ಲ ಹೀರಿಬಿಡುವುದರಿಂದ ಸಮೀಪ ಅವಕೆಂಪು ಸಂವೇದಕಕ್ಕೆ ಅದು ಖಾಲಿ ಪಟ್ಟಿಯಂತೆ ಕಾಣುತ್ತದೆ. ಮಧ್ಯಮ ಅವಕೆಂಪು ಸಂವೇದಕಗಳು ಅದನ್ನು ನೋಡಬಲ್ಲವು, ಬೆಲೆ ಹೆಚ್ಚು. ಹಲವು ಪದರಗಳ ತಿಂಡಿ ಪೊಟ್ಟಣಗಳಲ್ಲಿ ಯಂತ್ರ ನೋಡುವುದು ಮೇಲಿನ ಪದರವನ್ನು ಮಾತ್ರ.

ಲೋಹಗಳು

ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಂಡ ಮೇಲೆ ಉಳಿದ ಲೋಹಗಳಿಗೆ ಸುಳಿ ವಿದ್ಯುತ್ಪ್ರವಾಹದ ಯಂತ್ರ ಬಳಕೆಯಲ್ಲಿದೆ. ವೇಗವಾಗಿ ತಿರುಗುವ ಅಯಸ್ಕಾಂತಗಳು ಲೋಹದ ತುಂಡಿನಲ್ಲಿ ಪ್ರವಾಹ ಹುಟ್ಟಿಸಿ ಅದನ್ನು ಮುಂದಕ್ಕೆ ಎಸೆಯುತ್ತವೆ. ಎಷ್ಟು ದೂರ ಎಂಬುದನ್ನು ಬಹುಮಟ್ಟಿಗೆ ವಿದ್ಯುತ್ ವಾಹಕತೆಯನ್ನು ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆ ನಿರ್ಧರಿಸುತ್ತದೆ. ಒಂದೇ ಮಾನದಲ್ಲಿ ಅಲ್ಯೂಮಿನಿಯಂಗೆ ಇದು ಸುಮಾರು 14, ತಾಮ್ರಕ್ಕೆ 6.6, ಸತುವಿಗೆ 2.3, ಸೀಸಕ್ಕೆ 0.4. ತಾಮ್ರ ಉತ್ತಮ ವಾಹಕವಾದರೂ ಭಾರದಿಂದಾಗಿ ಅಲ್ಯೂಮಿನಿಯಂನಷ್ಟು ದೂರ ಹಾರುವುದಿಲ್ಲ. ತೆಳು ತಂತಿ ಮತ್ತು ಹಾಳೆಗಳಲ್ಲಿ ಪ್ರವಾಹ ಸುತ್ತಲು ಜಾಗವಿಲ್ಲದೆ ಫಲಿತಾಂಶ ಕುಂದುತ್ತದೆ. ಆದ್ದರಿಂದ ಪರೀಕ್ಷೆಯ ತುಂಡುಗಳ ಆಕಾರವನ್ನೂ ವರದಿಯಲ್ಲಿ ಹೇಳಬೇಕು.

ಅಂತಾರಾಷ್ಟ್ರೀಯ ಗುಜರಿ ವ್ಯಾಪಾರದಲ್ಲಿ ಮಿಶ್ರಣಗಳಿಗೆ ಸಂಕೇತನಾಮಗಳಿವೆ. ನುಚ್ಚು ಮಾಡಿದ, ಬಹುಪಾಲು ಅಲ್ಯೂಮಿನಿಯಂ ಇರುವ ಕಬ್ಬಿಣೇತರ ಮಿಶ್ರಣ ಝೋರ್ಬಾ. ಅದರಿಂದ ಬೇರ್ಪಟ್ಟ ಅಲ್ಯೂಮಿನಿಯಂ ಟ್ವಿಚ್. ಅಲ್ಯೂಮಿನಿಯಂನ ಭಾರವಾದ ಮಿಶ್ರಲೋಹಗಳನ್ನು ಕ್ಷ-ಕಿರಣ ಹಾಯಿಸಿ, ಒಂದು ಮಿಶ್ರಲೋಹವನ್ನು ಇನ್ನೊಂದರಿಂದ ಲೇಸರ್ ಕಿಡಿಯ ರೋಹಿತದಿಂದ ಬೇರ್ಪಡಿಸುತ್ತಾರೆ. ಬಣ್ಣ ಬಳಿದ ಅಥವಾ ಎಣ್ಣೆ ಹಿಡಿದ ತುಂಡಿನಲ್ಲಿ ಲೇಸರ್ ಮೇಲ್ಮೈಯನ್ನಷ್ಟೇ ಓದೀತು. ಉಕ್ಕಿನಲ್ಲಿ ಸೇರಿದ ತಾಮ್ರವನ್ನು ಕರಗಿಸಿದ ಮೇಲೆ ಲಾಭದಾಯಕವಾಗಿ ತೆಗೆಯುವ ದಾರಿ ಇಲ್ಲ. ಹೆಚ್ಚಾದರೆ ಬಿಸಿ ಉರುಳಿಕೆಯಲ್ಲಿ ಉಕ್ಕಿನ ಮೇಲ್ಮೈ ಬಿರಿಯುತ್ತದೆ.

ಇ-ತ್ಯಾಜ್ಯದಲ್ಲಿ ಪ್ಲಾಸ್ಟಿಕ್ಕಿನ ಬ್ರೋಮಿನ್‌ಯುಕ್ತ ಅಗ್ನಿನಿರೋಧಕಗಳನ್ನು ಪತ್ತೆ ಮಾಡಬೇಕಾಗುತ್ತದೆ. ಭಾರತದ ಇ-ತ್ಯಾಜ್ಯ ನಿಯಮಗಳು ಹೊಸ ಉಪಕರಣಗಳಲ್ಲಿ ಸೀಸ, ಪಾದರಸ ಮತ್ತು ಇಂಥ ಕೆಲವು ಬ್ರೋಮಿನ್ ಸಂಯುಕ್ತಗಳಿಗೆ ತೂಕದ ಶೇ. 0.1, ಕ್ಯಾಡ್ಮಿಯಂಗೆ ಶೇ. 0.01ರ ಮಿತಿ ಹಾಕಿವೆ. ಕರ್ನಾಟಕದಲ್ಲಿ ದಾಬಸ್‌ಪೇಟೆಯ ಇ-ಪರಿಸರ ಘಟಕ ಈ ಕ್ಷೇತ್ರದಲ್ಲಿ ಸರ್ಕಾರದ ಅನುಮತಿ ಪಡೆದ ದೇಶದ ಮೊದಲಿಗರಲ್ಲಿ ಒಂದು.

ಚಿತ್ರ ಗುರುತಿಸುವ ಯಂತ್ರಗಳು

ಕೃತಕ ಬುದ್ಧಿಮತ್ತೆಯ ಯಂತ್ರಗಳು ವಸ್ತುವಿನ ರಾಸಾಯನಿಕ ಗುಣಕ್ಕಿಂತ ಅದರ ಚಿತ್ರವನ್ನು ಕಲಿಯುತ್ತವೆ. ಯುರೋಪಿನ ಬಾಟಲಿಗಳಿಂದ ಕಲಿತ ಯಂತ್ರಕ್ಕೆ ನಂದಿನಿ ಹಾಲಿನ ಪೊಟ್ಟಣ ಅಪರಿಚಿತ. ನಂದಿನಿ ಪೊಟ್ಟಣದಿಂದಲೇ ಕಲಿಸಿದರೂ ಅದು ಪಾಲಿಥೀನನ್ನು ಕಲಿತಿದೆಯೋ, ಮುದ್ರಣದ ಬಣ್ಣವನ್ನು ಕಲಿತಿದೆಯೋ ತಿಳಿಯದು. ಮುದ್ರಣ ಬದಲಾದ ದಿನ ಉತ್ತರ ಸಿಗುತ್ತದೆ. ಆದ್ದರಿಂದ ಕಲಿಕೆಗೆ ಬಳಸಿದ ಚಿತ್ರಗಳನ್ನು ಪರೀಕ್ಷೆಗೆ ಬಳಸಬಾರದು, ಒಂದೇ ವಸ್ತುವಿನ ಬೇರೆ ಕೋನದ ಚಿತ್ರವನ್ನೂ ಬಳಸಬಾರದು. ಬೇರೆ ದಿನ, ಬೇರೆ ವಾರ್ಡಿನ ಕಸದಿಂದ ಪರೀಕ್ಷಿಸುವುದು ಹೆಚ್ಚು ಪ್ರಾಮಾಣಿಕ.

ಸುರಕ್ಷತೆ ಮತ್ತು ನಿಯಮಗಳು

ಕ್ಷ-ಕಿರಣ ಬಳಸುವ ಯಂತ್ರಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಚಲಿಸುವ ಭಾಗಗಳಿಗೆ ರಕ್ಷಣಾ ಬೇಲಿಯನ್ನು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. ಲಿಥಿಯಂ ಕೋಶಗಳು ನುಚ್ಚು ಯಂತ್ರಕ್ಕೆ ಸಿಕ್ಕಿದರೆ ಬೆಂಕಿ ಹೊತ್ತಿಕೊಳ್ಳುವುದರಿಂದ, ಅವುಗಳನ್ನು ಗುರುತಿಸುವ ಪರೀಕ್ಷೆಯಲ್ಲಿ ವಿದ್ಯುತ್ ತುಂಬದ ನಕಲಿ ಕೋಶಗಳನ್ನು ಬಳಸುವುದು ಕ್ಷೇಮ. 2022ರ ಪ್ಲಾಸ್ಟಿಕ್ ಹೊಣೆಗಾರಿಕೆ ಮಾರ್ಗಸೂಚಿಯು ಗಡಸು ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ 2025–26ರಿಂದ ಶೇ. 30 ಮರುಬಳಕೆಯ ವಸ್ತುವನ್ನು ಗೊತ್ತುಪಡಿಸಿದ್ದು ಶುದ್ಧ ಸರಕಿನ ಬೇಡಿಕೆಯನ್ನು ಹೆಚ್ಚಿಸುವಂಥದು.

ಕೈವಿಂಗಡಣೆ ಮತ್ತು ಕಾರ್ಮಿಕರು

ಯಂತ್ರ ಹೊರತೆಗೆದ ರಾಶಿ ಎಷ್ಟು ಶುದ್ಧ ಎಂಬುದನ್ನು ಕೊನೆಗೆ ನಿರ್ಣಯಿಸುವುದು ಅದನ್ನು ಮೇಜಿನ ಮೇಲೆ ಹರಡಿ ಕೈಯಿಂದ ಬೇರ್ಪಡಿಸುವ ಕೆಲಸಗಾರರು, ಬಹುತೇಕ ಮಹಿಳೆಯರು. ಅವರ ತೀರ್ಪೇ ಪರೀಕ್ಷೆಯ ಸತ್ಯವೆಂದು ಗಣಿತವಾಗುತ್ತದೆ. ಒಂದೇ ಮಾದರಿಯನ್ನು ಇಬ್ಬರಿಗೆ ಬೇರೆಬೇರೆಯಾಗಿ ಕೊಟ್ಟು ಹೋಲಿಸುವುದು, ಒಪ್ಪದ ತುಂಡುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ವಾಡಿಕೆ. ಈ ಪರಿಣತಿಗೆ ಪರೀಕ್ಷಾ ವರದಿಗಳಲ್ಲಿ ಹೆಸರು ಸಿಗುವುದು ಕಡಿಮೆ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಚಿಂದಿ ಆಯುವವರನ್ನು ವ್ಯಾಖ್ಯಾನಿಸಿ, ಅವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳುವಂತೆ ಸ್ಥಳೀಯ ಸಂಸ್ಥೆಗಳಿಗೆ ಹೇಳಿದ್ದವು. ಯಂತ್ರ ಬಂದಾಗ ಆರಿಸುವ ಕೆಲಸ ಕಡಿಮೆಯಾಗಿ, ಗುಣಮಟ್ಟ ತಪಾಸಣೆ, ಪಟ್ಟಿಗೆ ಸರಕು ಹರಡುವಿಕೆ, ಸಂವೇದಕದ ಗಾಜು ಒರೆಸುವಿಕೆ ಮೊದಲಾದ ಕೆಲಸಗಳು ಹೆಚ್ಚುತ್ತವೆ. ಸಂಖ್ಯೆಯಲ್ಲಿ ಇವು ಹೋದ ಕೆಲಸಗಳಿಗೆ ಸಮನಾಗುವುದಿಲ್ಲ. ಒಣ ಕಸ ಸಂಗ್ರಹ ಕೇಂದ್ರದ ಆದಾಯ ಮಾರಿದ ಸರಕಿನಿಂದಲೇ ಬರುವುದರಿಂದ, ಬೆಲೆಯುಳ್ಳ ಪೆಟ್ ಮತ್ತು ಅಲ್ಯೂಮಿನಿಯಂ ದೊಡ್ಡ ಯಂತ್ರಘಟಕಕ್ಕೆ ನೇರವಾಗಿ ಹೋದರೆ ಕೇಂದ್ರದಲ್ಲಿ ಉಳಿಯುವುದು ಯಾರೂ ಕೊಳ್ಳದ ಪದರ ಪೊಟ್ಟಣಗಳು. ಹೀಗಾಗಿ ಕೆಲವು ಯೋಜನೆಗಳಲ್ಲಿ ಮೊದಲ ವಿಂಗಡಣೆಯನ್ನು ಕೇಂದ್ರಗಳಿಗೇ ಬಿಟ್ಟು, ಕಣ್ಣಿಗೆ ಭೇದ ಕಾಣದ ಪೆಟ್–ಪಿವಿಸಿ ಚೂರುಗಳು ಮತ್ತು ಲೋಹದ ನುಚ್ಚಿನ ವಿಂಗಡಣೆಗೆ ಮಾತ್ರ ಯಂತ್ರವನ್ನು ಮೀಸಲಿಡುವ ಕ್ರಮವನ್ನು ಅನುಸರಿಸಲಾಗುತ್ತದೆ.